ಕೊಡಿಗೇಹಳ್ಳಿ ಪರಿಸರದ ಅಂತರ್ಜಲ ಮತ್ತು ಭೂಗರ್ಭ ನಕ್ಷೆಗಳು

ನೆಲದ ಕೆಳಗೆ ನೀರು ಎಲ್ಲಿದೆ, ಎಷ್ಟು ಆಳದಲ್ಲಿದೆ, ಯಾವ ಬಗೆಯ ಕಲ್ಲುಮಣ್ಣಿನೊಳಗೆ ನಿಂತಿದೆ, ಯಾವ ಕಡೆಗೆ ಸರಿಯುತ್ತಿದೆ ಎಂಬುದನ್ನು ತೋರಿಸುವುದು ಅಂತರ್ಜಲ ನಕ್ಷೆ. ಗಂಗಾ ಬಯಲಿನಂಥ ಮೆಕ್ಕಲುಮಣ್ಣಿನ ನಾಡಿನಲ್ಲಿ ಇದು ಹೆಚ್ಚುಕಡಿಮೆ ಪದರಗಳ ನಕ್ಷೆ. ಮರಳಿನ ಪದರ ಎಷ್ಟು ದಪ್ಪ, ಎಲ್ಲಿಯವರೆಗೆ ಹಬ್ಬಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಬೆಂಗಳೂರು ಉತ್ತರದ ಕೊಡಿಗೇಹಳ್ಳಿ, ಹೆಬ್ಬಾಳ, ಯಲಹಂಕಗಳು ನಿಂತಿರುವ ಗಟ್ಟಿಕಲ್ಲಿನ ನೆಲದಲ್ಲಿ ಅದು ಬಿರುಕುಗಳ ನಕ್ಷೆಯಾಗಬೇಕು. ಬಿರುಕುಗಳೋ ಮೇಲಿನಿಂದ ಕಾಣುವುದಿಲ್ಲ. ಒಂದು ಸೈಟಿನಲ್ಲಿ ಮುನ್ನೂರು ಅಡಿಗೆ ಎರಡು ಇಂಚು ನೀರು ಚಿಮ್ಮಿ, ಗೋಡೆಯಾಚೆಯ ಸೈಟಿನಲ್ಲಿ ಸಾವಿರ ಅಡಿ ಹೋದರೂ ಬರೀ ಧೂಳು ಏಳುವುದನ್ನು ಈ ಭಾಗದ ಜನ ಹಣೆಬರಹವೆಂದೇ ಬಗೆದಿದ್ದಾರೆ. ಭೂವಿಜ್ಞಾನದ ಪ್ರಕಾರ ಅದರಲ್ಲಿ ಹಣೆಬರಹವೇನಿಲ್ಲ, ಇಲ್ಲಿನ ಕಲ್ಲು ಇರುವುದೇ ಹಾಗೆ. ಆದರೆ ಆ ಸೈಟಿನ ಮಟ್ಟಕ್ಕೆ ಉತ್ತರ ಹೇಳಬಲ್ಲ ನಕ್ಷೆ ಈವರೆಗೆ ತಯಾರಾಗಿಲ್ಲ.

ಸ್ಥಳ, ಹೆಸರು, ಇಳಿಜಾರು

ಕೊಡಿಗೇಹಳ್ಳಿ ಯಲಹಂಕ ಹೋಬಳಿಗೆ ಸೇರಿದ ಹಳೆಯ ಗ್ರಾಮ. ಮೊದಲು ಬ್ಯಾಟರಾಯನಪುರ ನಗರಸಭೆಯ ವ್ಯಾಪ್ತಿಯಲ್ಲಿದ್ದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. ಸಹಕಾರನಗರ, ತಿಂಡ್ಲು, ವಿದ್ಯಾರಣ್ಯಪುರ, ಹೆಬ್ಬಾಳ ಇದರ ನೆರೆಹೊರೆ. ಬೆಂಗಳೂರಿನ ಸುತ್ತ ಇದೇ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚಿರುವುದರಿಂದ ಹಳೆಯ ದಾಖಲೆ ನೋಡುವವರು ಹೋಬಳಿಯ ಹೆಸರನ್ನೂ ಗಮನಿಸಬೇಕಾಗುತ್ತದೆ. ಕೊಡಿಗೆ ಅಂದರೆ ಕೊಟ್ಟದ್ದು, ದತ್ತಿಯಾಗಿ ಬಂದ ಭೂಮಿ. ಕೆರೆ ಕಟ್ಟಿದವನಿಗೆ ಅಥವಾ ಒಡೆದ ಏರಿಯನ್ನು ದುರಸ್ತಿ ಮಾಡಿಸಿದವನಿಗೆ ಕಂದಾಯವಿಲ್ಲದೆ ಬಿಟ್ಟ ಗದ್ದೆಯನ್ನು ಕಟ್ಟುಕೊಡಿಗೆ ಎನ್ನುತ್ತಿದ್ದರು. ಕೆರೆಯ ನೀರು ಹೊರಬೀಳುವ ಕೋಡಿಗೂ ಈ ಕೊಡಿಗೆಗೂ ನಂಟು ಹಚ್ಚುವವರಿದ್ದಾರೆ. ಎರಡೂ ಬೇರೆ ಬೇರೆ ಪದಗಳು, ಕೆರೆಯೊಂದೇ ಎರಡಕ್ಕೂ ಸಮಾನ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಬೆಂಗಳೂರು ಕೂತಿದೆ. ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಕೊಡಿಗೇಹಳ್ಳಿ ಇರುವುದು ಹೆಬ್ಬಾಳ ಕಣಿವೆಯಲ್ಲಿ, ಅಂದರೆ ಪಿನಾಕಿನಿಯ ಕಡೆ. ಯಲಹಂಕ, ಜಕ್ಕೂರು, ರಾಚೇನಹಳ್ಳಿ, ಹೆಬ್ಬಾಳ, ನಾಗವಾರ, ಕಲ್ಕೆರೆ, ಎಲೆಮಲ್ಲಪ್ಪಶೆಟ್ಟಿ ಕೆರೆಗಳೆಲ್ಲ ಈ ಕಣಿವೆಯ ಬೇರೆ ಬೇರೆ ಕವಲುಗಳ ಮೇಲೆ ಕಟ್ಟಿದಂಥವು. ನೆಲದ ಮೇಲಿನ ಈ ಇಳಿಜಾರನ್ನೇ ಮೇಲುಪದರದ ಅಂತರ್ಜಲವೂ ಹೆಚ್ಚುಕಡಿಮೆ ಅನುಸರಿಸುತ್ತದೆ. ಆಳದ ಬಿರುಕಿನ ನೀರಿಗೆ ಮಾತ್ರ ಈ ಶಿಸ್ತಿಲ್ಲ.

ನೆಲದಡಿಯ ಕಲ್ಲು

ಇಲ್ಲಿನ ಬುನಾದಿ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರು. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಇಟ್ಟ ಈ ಹೆಸರು ಜಗತ್ತಿನ ಭೂವಿಜ್ಞಾನ ಪಠ್ಯಗಳಲ್ಲೆಲ್ಲ ನಿಂತಿದೆ. ಇದನ್ನು ಕಣ್ಣಾರೆ ನೋಡಬೇಕಿದ್ದರೆ ಲಾಲ್‌ಬಾಗಿನ ಬಂಡೆಗೆ ಹೋಗಬೇಕು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾದ ಆ ಬಂಡೆಯ ವಯಸ್ಸು 300 ಕೋಟಿ ವರ್ಷದ ಆಸುಪಾಸು. ಬೂದು ಮತ್ತು ಬಿಳಿ ಪಟ್ಟೆಗಳು ಹಿಟ್ಟು ನಾದಿದಂತೆ ಸುತ್ತಿಕೊಂಡಿರುತ್ತವೆ. ಕೊಡಿಗೇಹಳ್ಳಿಯ ಕೆಳಗಿರುವುದೂ ಇದೇ ಕುಲದ ಕಲ್ಲು, ಮೇಲೆ ಮಣ್ಣಿದೆ ಅಷ್ಟೆ.

ಈ ನೈಸ್‌ನೊಳಗೆ ಆಮೇಲೆ ನುಗ್ಗಿದ ಗ್ರಾನೈಟ್ ಅಲ್ಲಲ್ಲಿ ಇದೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯ ಮೇಲೆ ಹೆಸರು ಪಡೆದ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಉದ್ದನೆಯ ಪಟ್ಟಿ ಬೆಂಗಳೂರಿನ ಪಶ್ಚಿಮಕ್ಕೆ ಉತ್ತರ ದಕ್ಷಿಣವಾಗಿ ಹಾದಿದೆ. ಅದಕ್ಕಿಂತ ಸ್ವಲ್ಪ ಈಚೆಗೆ, ಸುಮಾರು 237 ಕೋಟಿ ವರ್ಷಗಳ ಹಿಂದೆ, ಕರಗಿದ ಕಪ್ಪುಶಿಲೆ ನೆಲದ ಸೀಳುಗಳಲ್ಲಿ ಏರಿ ಅಲ್ಲೇ ಹೆಪ್ಪುಗಟ್ಟಿತು. ಡಾಲರೈಟ್ ಡೈಕ್‌ಗಳು ಎಂದು ಕರೆಯುವ ಈ ಗೋಡೆಗಳು ಬೆಂಗಳೂರು ಸುತ್ತ ಬಹುಪಾಲು ಪೂರ್ವ ಪಶ್ಚಿಮವಾಗಿ ಹರಿದಿವೆ. ಡೈಕ್ ಕೆಲವೆಡೆ ನೆಲದೊಳಗಿನ ಒಡ್ಡಿನಂತೆ ನೀರನ್ನು ತಡೆದು ಒಂದು ಮಗ್ಗುಲಲ್ಲಿ ನಿಲ್ಲಿಸುತ್ತದೆ, ಇನ್ನೊಂದು ಮಗ್ಗುಲು ಒಣಗಿರುತ್ತದೆ. ಕೆಲವೆಡೆ ಡೈಕಿನ ಅಂಚಿನ ಕಲ್ಲೇ ಬಿರಿದು ನೀರಿಗೆ ದಾರಿಯಾಗುತ್ತದೆ. ಬೋರ್ ಕೊರೆಯುವವರಿಗೆ ಈ ವಂಶಾವಳಿ ಬೇಕಿಲ್ಲ. ಗುಂಡಿಯಿಂದ ಏಳುವ ಪುಡಿಯ ಬಣ್ಣ ನೋಡಿ ಬಿಳಿ ಕಲ್ಲು, ಕಪ್ಪು ಕಲ್ಲು ಎನ್ನುತ್ತಾರೆ. ವಿಭಾಗ ಒರಟಾದರೂ ತಪ್ಪಲ್ಲ.

ಇನ್ನೂ ಉತ್ತರಕ್ಕೆ, ದೇವನಹಳ್ಳಿಯ ಕಡೆಗೆ, ಕೆಲವು ದಿನ್ನೆಗಳ ಮೇಲೆ ಜಂಬಿಟ್ಟಿಗೆಯ ತೆಳು ಹೊದಿಕೆಯಿದೆ.

ಎರಡು ಅಂತಸ್ತಿನ ನೀರು

ನೈಸ್ ಸ್ವತಃ ನೀರು ಹಿಡಿಯದು. ತುಂಡು ಕಲ್ಲನ್ನು ರಾತ್ರಿಯಿಡೀ ನೆನೆಹಾಕಿದರೂ ಅದು ಕುಡಿಯುವ ನೀರು ಲೆಕ್ಕಕ್ಕೆ ಸಿಗದಷ್ಟು. ನೀರು ನಿಲ್ಲುವುದು ಕಲ್ಲು ಕೆಟ್ಟಿರುವಲ್ಲಿ ಮಾತ್ರ.

ಮೊದಲ ಅಂತಸ್ತು ಶಿಥಿಲ ಪದರ. ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಸಿಕ್ಕ ನೈಸ್‌ನಲ್ಲಿ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ, ಬೆಣಚು ಹರಳು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಅಡಿಪಾಯ ತೋಡುವಾಗ ಸಿಗುವ, ಕಲ್ಲಿನ ಪಟ್ಟೆ ಹಾಗೇ ಕಂಡರೂ ಹಾರೆಯಿಂದ ಕೆದಕಿದರೆ ಉದುರುವ ಗೊರಚು ಇದೇ. ಮುಟ್ಟಿದರೆ ಸೋಪಿನಂತೆ ಜಾರುವ ನುಣ್ಣನೆಯ ಸುದ್ದೆಮಣ್ಣು ಇದರ ಇನ್ನೊಂದು ರೂಪ. ಊರ ಸೇದುವ ಬಾವಿಗಳು, ತೋಟದ ಕಪಿಲೆ ಬಾವಿಗಳು ನಡೆದದ್ದೆಲ್ಲ ಈ ಪದರದ ನೀರಿನ ಮೇಲೆ.

ಎರಡನೆಯ ಅಂತಸ್ತು ಅದರ ಕೆಳಗಿನ ಗಟ್ಟಿಕಲ್ಲಿನ ಬಿರುಕುಗಳು. ಬೋರ್ ಲಾರಿಯವರ ಮಾತಿನಲ್ಲಿ ಇವು ಗ್ಯಾಪ್. ಗ್ಯಾಪ್ ಸಿಕ್ಕಿತು ಅಂದರೆ ಸುತ್ತಿಗೆ ಒಮ್ಮೆಲೇ ಕೆಳಗೆ ಜಾರಿತು, ಪುಡಿ ಒದ್ದೆಯಾಗಿ ಬಂತು, ಆಮೇಲೆ ನೀರು ಕಂಡಿತು ಎಂದರ್ಥ. ಬಿರುಕು ಒಂದು ಬೆರಳಿನಷ್ಟು ದಪ್ಪವೂ ಇರಬೇಕಿಲ್ಲ. ಅದು ಎಷ್ಟು ದೂರ ಹೋಗಿದೆ, ಬೇರೆ ಬಿರುಕುಗಳನ್ನು ಎಲ್ಲಿ ಸಂಧಿಸುತ್ತದೆ, ಮೇಲಿನ ಶಿಥಿಲ ಪದರಕ್ಕೆ ಅದರ ನಂಟಿದೆಯೇ ಇಲ್ಲವೇ ಎಂಬುದರ ಮೇಲೆ ಬಾವಿಯ ಆಯುಸ್ಸು ನಿಂತಿದೆ. ನಂಟಿಲ್ಲದ ಬಿರುಕು ಮುಚ್ಚಿದ ಹಂಡೆಯಿದ್ದಂತೆ. ಮೊದಲ ವರ್ಷ ಧಾರಾಳ, ಮೂರನೆಯ ವರ್ಷ ಖಾಲಿ.

ಈ ಎರಡು ಅಂತಸ್ತುಗಳ ಅಳತೆಯಲ್ಲಿ ಅಜಗಜಾಂತರವಿದೆ. ದೇಶದಲ್ಲಿ ಅಂತರ್ಜಲ ಲೆಕ್ಕ ಹಾಕುವಾಗ ಶಿಥಿಲ ನೈಸ್ ಪದರದ ಒಟ್ಟು ಗಾತ್ರದಲ್ಲಿ ಬಸಿದು ಕೊಡಬಲ್ಲ ನೀರು ಶೇ 1.5ರಿಂದ 3 ಎಂದು ಹಿಡಿಯುವುದು ರೂಢಿ. ಜೇಡಿ ಹೆಚ್ಚಿದ್ದರೆ ಕಡಿಮೆಯ ಅಂಕಿ, ಹರಳು ಹೆಚ್ಚಿದ್ದರೆ ಹೆಚ್ಚಿನದು. ಮೂವತ್ತು ನಲವತ್ತು ಅಡಿಯ ಸೈಟಿನ ಕೆಳಗೆ ಹತ್ತು ಮೀಟರ್ ದಪ್ಪದ ಪದರ ಪೂರ್ತಿ ನೆನೆದಿದ್ದರೂ, ಅದರಿಂದ ಪಡೆಯಬಹುದಾದದ್ದು ಹೆಚ್ಚೆಂದರೆ 33,000 ಲೀಟರ್. ಗಟ್ಟಿಕಲ್ಲಿನಲ್ಲಿ ಈ ಪ್ರಮಾಣ ಇನ್ನೂ ಎಷ್ಟೋ ಪಟ್ಟು ಕಡಿಮೆ. ಮರುಪೂರಣದ ಲೆಕ್ಕವೂ ಹೀಗೇ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 970 ಮಿ.ಮೀ. ಅದೇ ಸೈಟಿನ ಮೇಲೆ ಬೀಳುವುದು ಒಂದು ಲಕ್ಷ ಲೀಟರಿಗೆ ಮೇಲೆ. ನೆಲ ತೆರೆದೇ ಇದ್ದರೂ ಶೇ 8ರಿಂದ 11ರಷ್ಟು ಮಾತ್ರ ಅಂತರ್ಜಲಕ್ಕೆ ಇಳಿಯುತ್ತದೆಂದು ಅದೇ ಲೆಕ್ಕಾಚಾರದ ಮಾನದಂಡ ಹೇಳುತ್ತದೆ. ಅಂದರೆ ಒಂಬತ್ತರಿಂದ ಹನ್ನೆರಡು ಸಾವಿರ ಲೀಟರ್, ವರ್ಷವಿಡೀ ಸೇರಿ ಒಂದು ದೊಡ್ಡ ಟ್ಯಾಂಕರ್. ಅಂಗಳಕ್ಕೆ ಸಿಮೆಂಟು ಬಳಿದ ಮೇಲೆ ಅದೂ ಇಲ್ಲ.

ಹಳೆಯ ನಕ್ಷೆಗಳು

ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಕಣ್ಣಿದ್ದದ್ದು ಚಿನ್ನ ಮತ್ತು ಅದಿರಿನ ಮೇಲೆ. ಮೊದಲಿಗೆ ಅದರ ಹೊಣೆ ಹೊತ್ತವರು ರಾಬರ್ಟ್ ಬ್ರೂಸ್ ಫೂಟ್. ಇಲಾಖೆಯ ಆರಂಭದ ನಕ್ಷೆಗಳಲ್ಲಿ ಬೆಂಗಳೂರಿನ ಸುತ್ತಲಿನ ನೈಸ್ ಪ್ರದೇಶ ಒಂದೇ ಬಣ್ಣದ ಬಯಲಾಗಿ ಕಾಣುತ್ತದೆ. ಅದಿರಿಲ್ಲದ ನೆಲವನ್ನು ಬಿಡಿಸಿ ನೋಡುವ ತುರ್ತು ಯಾರಿಗೂ ಇರಲಿಲ್ಲ. ಅಂತರ್ಜಲದ ಕಡೆ ಇಲಾಖೆಯ ಮುಖ ತಿರುಗಿದ್ದು 1960ರ ದಶಕದ ಬರಗಳ ನಂತರ, ಬಿ.ಪಿ. ರಾಧಾಕೃಷ್ಣ ನಿರ್ದೇಶಕರಾಗಿದ್ದ ಕಾಲದಲ್ಲಿ. 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಬೆಂಗಳೂರಿನಲ್ಲಿ ಕಟ್ಟಿದವರಲ್ಲಿ ಪ್ರಮುಖರಾದ ಅವರು ಬಾವಿ, ಕೆರೆ, ಬರಗಳನ್ನು ಭೂವಿಜ್ಞಾನದ ಮುಖ್ಯ ವಿಷಯವಾಗಿ ಕಂಡರು. ಕೇಂದ್ರದಲ್ಲಿ ಕೇಂದ್ರೀಯ ಅಂತರ್ಜಲ ಮಂಡಳಿ 1970ರಲ್ಲಿ ರೂಪುಗೊಂಡಿತು. 1972ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಂತರ್ಜಲ ವಿಭಾಗವೂ ಅದರೊಳಗೆ ಬಂತು.

ಇವೆಲ್ಲಕ್ಕಿಂತ ಹಳೆಯದೂ, ಹತ್ತಿರದಿಂದ ನೋಡಿ ಬರೆದದ್ದೂ ಆದ ಇನ್ನೊಂದು ನಕ್ಷೆಯಿದೆ. ಯಾರೂ ಅದನ್ನು ಅಂತರ್ಜಲ ನಕ್ಷೆಯೆಂದು ಕರೆಯುವುದಿಲ್ಲ. ಅದು ಕಂದಾಯ ಇಲಾಖೆಯ ಗ್ರಾಮನಕ್ಷೆ. ಸರ್ವೆ ನಂಬರುಗಳ ನಡುವೆ ಕೆರೆಯಂಗಳ, ಏರಿ, ತೂಬು, ಹಳ್ಳ, ರಾಜಕಾಲುವೆ, ಗುಂಡುತೋಪು, ಬಾವಿ ಎಲ್ಲವೂ ಅದರಲ್ಲಿವೆ. ತರಿ (ನೀರಾವರಿ ಗದ್ದೆ), ಖುಷ್ಕಿ (ಮಳೆಯಾಶ್ರಿತ ಹೊಲ), ಬಾಗಾಯ್ತು (ತೋಟ) ಎಂಬ ಜಮೀನಿನ ವಿಂಗಡಣೆಯೇ ನೀರು ಎಲ್ಲಿ ಮೇಲಿತ್ತು, ಎಲ್ಲಿ ಕೆಳಗಿತ್ತು ಎನ್ನುವುದರ ಸುಳಿವು. ಕೆರೆಯ ಕೆಳಗಿನ ಬಾಗಾಯ್ತು ಸಾಲು ಕೆರೆಯಿಂದ ಬಸಿದು ಬರುವ ನೀರಿನ ದಾರಿಯನ್ನು ತೋರಿಸುತ್ತದೆ. ತೂಬು ಎತ್ತಿ ಇಳಿಸುವ ನೀರಗಂಟಿಗೆ ಈ ನಕ್ಷೆ ಕಾಗದದಲ್ಲಿ ಬೇಕಿರಲಿಲ್ಲ. ಬಡಾವಣೆಗಳು ಎದ್ದಾಗ ಹಳೆಯ ಸರ್ವೆ ನಂಬರುಗಳು ನ್ಯಾಯಾಲಯದ ಕಡತಗಳಲ್ಲಿ ಉಳಿದವು, ಹಳ್ಳಗಳು ಮಾತ್ರ ಚರಂಡಿಯಾದವು. ಮಳೆಗಾಲದಲ್ಲಿ ಆ ಹಳ್ಳಗಳು ತಮ್ಮ ಹಳೆಯ ಜಾಗವನ್ನು ನೆನಪಿಸಿಕೊಳ್ಳುತ್ತವೆ. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ 2021ರ ನವೆಂಬರಿನಲ್ಲಿ ಒಮ್ಮೆ, 2024ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಜಲಾವೃತವಾಗಿ, ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಅದೇ 2024ರ ಬೇಸಿಗೆಯಲ್ಲಿ ನಗರದ ತುಂಬ ಬೋರ್‌ವೆಲ್ ಬತ್ತಿದ್ದವು.

ಇಂದಿನ ನಕ್ಷೆಗಳು

ಸರ್ವೆ ಆಫ್ ಇಂಡಿಯಾದ ಎಣಿಕೆಯಲ್ಲಿ ಕೊಡಿಗೇಹಳ್ಳಿ ಬರುವುದು 57 ಜಿ/12 ಹಾಳೆಯಲ್ಲಿ. 13 ಡಿಗ್ರಿ ಅಕ್ಷಾಂಶದ ಗೆರೆ ಮಲ್ಲೇಶ್ವರದ ಆಸುಪಾಸಿನಲ್ಲಿ ಹಾಯುವುದರಿಂದ ಅದರ ದಕ್ಷಿಣದ ಬೆಂಗಳೂರು ಬೇರೆ ಹಾಳೆಗೆ, 57 ಎಚ್/9ಕ್ಕೆ ಸೇರುತ್ತದೆ. ಭೂವೈಜ್ಞಾನಿಕ ನಕ್ಷೆಗಳೂ ಅಂತರ್ಜಲ ನಕ್ಷೆಗಳೂ ಸಾಮಾನ್ಯವಾಗಿ ಈ ಹಾಳೆಗಳ ಅಳತೆಯಲ್ಲೇ, ಅಂದರೆ 1:50,000ದಲ್ಲಿ, ಬರುತ್ತವೆ. ರಾಜೀವ್ ಗಾಂಧಿ ಕುಡಿಯುವ ನೀರಿನ ಯೋಜನೆಯಡಿ ಉಪಗ್ರಹ ಚಿತ್ರಗಳಿಂದ ಮಾಡಿದ ಅಂತರ್ಜಲ ಸಾಧ್ಯತಾ ನಕ್ಷೆಗಳಿಗೂ ಇದೇ ಪ್ರಮಾಣ. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. ಮೂವತ್ತು ನಲವತ್ತರ ಸೈಟು ಚೂಪಾದ ಪೆನ್ಸಿಲಿನ ಚುಕ್ಕೆಗಿಂತ ಚಿಕ್ಕದು. ನಕ್ಷೆಯಲ್ಲಿ ಡೈಕ್ ಎಂದು ಎಳೆದ ಗೆರೆಯ ದಪ್ಪದಲ್ಲೇ ಎರಡು ಮನೆಗಳು ಅಡಗಿರುತ್ತವೆ. ಇದನ್ನು ನಕ್ಷೆಯ ದೋಷವೆನ್ನುವಂತಿಲ್ಲ. ತಾಲ್ಲೂಕಿಗೆಂದು ಹೊಲಿದ ಅಂಗಿಯನ್ನು ಸೈಟಿಗೆ ತೊಡಿಸಲು ಹೊರಟರೆ ಹೀಗೇ ಆಗುತ್ತದೆ.

ಕೇಂದ್ರೀಯ ಅಂತರ್ಜಲ ಮಂಡಳಿ 2012ರಲ್ಲಿ ಆರಂಭಿಸಿದ ರಾಷ್ಟ್ರೀಯ ಜಲಧರ ನಕ್ಷಾ ಕಾರ್ಯಕ್ರಮ 2023ರ ಮಾರ್ಚ್ ಹೊತ್ತಿಗೆ ದೇಶದ ಸುಮಾರು 25 ಲಕ್ಷ ಚದರ ಕಿ.ಮೀ. ಪ್ರದೇಶವನ್ನು ಮುಗಿಸಿತು. ಜಲಧರ ಎಂದರೆ ನೀರನ್ನು ಹಿಡಿದಿಟ್ಟುಕೊಂಡು ಬಾವಿಗೆ ಬಿಟ್ಟುಕೊಡಬಲ್ಲ ಪದರ. ಬೆಂಗಳೂರು ನಗರ ಜಿಲ್ಲೆಯ ವರದಿಗಳು ಮೇಲೆ ಹೇಳಿದ ಎರಡು ಅಂತಸ್ತುಗಳನ್ನೇ ಮೊದಲ ಜಲಧರ, ಎರಡನೆಯ ಜಲಧರವೆಂದು ಬೇರ್ಪಡಿಸಿ ತೋರಿಸುತ್ತವೆ. ಇದರ ಮುಂದುವರಿದ ಹಂತ ಪಂಚಾಯಿತಿ ಮಟ್ಟದ ಸೂಕ್ಷ್ಮತೆಯನ್ನು ಗುರಿಯಾಗಿಟ್ಟುಕೊಂಡಿದೆ.

ಈ ಕೆಲಸಕ್ಕೆ ಬೇಕಾದ ಸಂಸ್ಥೆಗಳಲ್ಲಿ ಎರಡು ಕೊಡಿಗೇಹಳ್ಳಿಯ ಮಗ್ಗುಲಲ್ಲೇ ಇವೆ. ದೊಡ್ಡಬೆಟ್ಟಹಳ್ಳಿಯ ದೂರಸಂವೇದಿ ಭವನದಲ್ಲಿ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವಿದೆ. ಅದೇ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆಯಲ್ಲಿ, ರಾಜ್ಯದ ಮಳೆಮಾಪಕಗಳ ಲೆಕ್ಕ ಇಡುವ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಎರಡನೆಯದು 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ್ದು. ಆಕಾಶದಿಂದ ನೋಡುವವರೂ ಆಕಾಶದಿಂದ ಬೀಳುವುದನ್ನು ಅಳೆಯುವವರೂ ಒಂದೇ ರಸ್ತೆಯಲ್ಲಿ ಸೇರಿಕೊಂಡಿದ್ದಾರೆ. ನೆಲದೊಳಗಿನ ಲೆಕ್ಕ ಇಡುವ ಕೇಂದ್ರೀಯ ಮಂಡಳಿಯ ಪ್ರಾದೇಶಿಕ ಕಚೇರಿ ಮಾತ್ರ ಊರಿನ ಇನ್ನೊಂದು ತುದಿ ಎಚ್‌ಎಸ್‌ಆರ್ ಬಡಾವಣೆಯಲ್ಲಿದೆ.

ಪಾಯಿಂಟ್ ನೋಡುವುದು

ಬೋರ್ ಕೊರೆಸುವ ಮುನ್ನ ಜಾಗ ಗೊತ್ತುಮಾಡುವುದಕ್ಕೆ ಪಾಯಿಂಟ್ ಮಾಡಿಸುವುದು ಎನ್ನುತ್ತಾರೆ. ಇದಕ್ಕೆ ಎರಡು ಪರಂಪರೆಗಳಿವೆ. ಅಂಗೈ ಮೇಲೆ ನಿಲ್ಲಿಸಿದ ತೆಂಗಿನಕಾಯಿ, ಬೇವಿನ ಕವಲು ಕಡ್ಡಿ, ತಾಮ್ರದ ತಂತಿ ಹಿಡಿದು ನಡೆಯುವವರದು ಮೊದಲನೆಯದು. ಪರೀಕ್ಷೆಗೊಡ್ಡಿದಾಗ ಇದು ಕುರುಡು ಊಹೆಗಿಂತ ಮೇಲೆಂದು ಸಿದ್ಧವಾಗಿಲ್ಲ. ಹಾಗಿದ್ದೂ ಇದಕ್ಕೆ ಗಿರಾಕಿಗಳು ಕಡಿಮೆಯಾಗಿಲ್ಲ. ಕಾರಣವೂ ಸರಳ: ಎರಡನೆಯ ಪರಂಪರೆಯಾದ ಯಂತ್ರದ ವಿಧಾನ ನಗರದಲ್ಲಿ ಸೋಲುವುದೇ ಹೆಚ್ಚು.

ಯಂತ್ರದ ವಿಧಾನ ವಿದ್ಯುತ್ ರೋಧದ ಮಾಪನ. ನೆಲಕ್ಕೆ ನಾಲ್ಕು ಕಬ್ಬಿಣದ ಗೂಟ ಹೊಡೆದು, ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವಿನ ವ್ಯತ್ಯಾಸ ಅಳೆಯುತ್ತಾರೆ. ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ 1912ರ ಸುಮಾರಿಗೆ ರೂಪಿಸಿದ ಕ್ರಮ ಇದು. ಒದ್ದೆ ಜೇಡಿಯಲ್ಲಿ ವಿದ್ಯುತ್ ಸಲೀಸು, ರೋಧ ಹತ್ತಿಪ್ಪತ್ತು ಓಮ್-ಮೀಟರಿನ ಆಸುಪಾಸು. ಬಿರುಕಿಲ್ಲದ ನೈಸ್‌ನಲ್ಲಿ ಅದು ಸಾವಿರ ದಾಟುತ್ತದೆ. ಗೂಟಗಳನ್ನು ದೂರ ಸರಿಸಿದಷ್ಟೂ ಆಳದ ಸುದ್ದಿ ಬರುತ್ತದೆ. ತೊಡಕಿರುವುದು ಇಲ್ಲೇ. ನೂರು ಮೀಟರ್ ಆಳ ನೋಡಬೇಕಾದರೆ ಗೂಟಗಳ ಸಾಲು ಅದರ ಮೂರು ನಾಲ್ಕು ಪಟ್ಟು ಉದ್ದ ಹರಡಬೇಕು. ಸಹಕಾರನಗರದ ಅಡ್ಡರಸ್ತೆಯಲ್ಲಿ ಮುನ್ನೂರು ಮೀಟರ್ ತೆರೆದ ನೆಲ ಎಲ್ಲಿಂದ ತರುವುದು? ಇದ್ದರೂ ಡಾಂಬರು, ನೆಲದಡಿಯ ಕೇಬಲ್ಲು, ನೀರಿನ ಪೈಪು, ಮನೆಮನೆಯ ಅರ್ತಿಂಗ್ ಸೇರಿ ಅಳತೆಯನ್ನು ಕೆಡಿಸುತ್ತವೆ. ಈ ಭಾಗದಲ್ಲಿ ಸರಿಯಾಗಿ ಅಳೆಯಲು ಅನುಕೂಲವಿರುವುದು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಂಥ ದೊಡ್ಡ ಬಯಲಿನಲ್ಲಿ ಮಾತ್ರ. ಇನ್ನೂರು ಮುನ್ನೂರು ಮೀಟರ್ ಆಳದ ಬೆರಳಗಲದ ಬಿರುಕನ್ನಂತೂ ಈ ವಿಧಾನ ಎಲ್ಲಿಯೂ ಹಿಡಿಯಲಾರದು.

ಹೆಲಿಕಾಪ್ಟರಿಗೆ ದೊಡ್ಡ ಬಳೆಯಂಥ ಸುರುಳಿ ತೂಗುಹಾಕಿ, ವಿದ್ಯುತ್ಕಾಂತೀಯ ತರಂಗ ಕಳಿಸಿ ನೆಲದೊಳಗನ್ನು ಓದುವುದು ಇನ್ನೊಂದು ದಾರಿ. ಜಲಧರ ನಕ್ಷಾ ಕಾರ್ಯಕ್ರಮದ ಪ್ರಾಯೋಗಿಕ ಹಂತದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಡೆನ್ಮಾರ್ಕಿನಲ್ಲಿ ಬೆಳೆದ ಈ ತಂತ್ರವನ್ನು ದೇಶದ ಆರು ಕಡೆ ಬಳಸಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ತುಮಕೂರು ಜಿಲ್ಲೆಯ ತಿಪಟೂರು ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಅಂಕಸಂದ್ರ ಜಲಾನಯನ. ಶಿಥಿಲ ಪದರದ ದಪ್ಪ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದನ್ನು ಇದು ಚೆನ್ನಾಗಿ ಓದುತ್ತದೆ. ವಿದ್ಯುತ್ ತಂತಿಗಳು ಹೆಣೆದುಕೊಂಡ ನಗರದಲ್ಲಿ ಮಾತ್ರ ತರಂಗಕ್ಕೆ ಕಿವುಡು. ಜಕ್ಕೂರಿನ ವಿಮಾನ ಶಾಲೆ, ಯಲಹಂಕದ ವಾಯುನೆಲೆಗಳಿಂದ ಕೊಡಿಗೇಹಳ್ಳಿಯ ತಲೆಯ ಮೇಲೆ ಬೇಕಾದಷ್ಟು ಹಾರಾಟವಿದೆ. ನೆಲದೊಳಗನ್ನು ನೋಡುವ ಹಾರಾಟಕ್ಕೆ ಮಾತ್ರ ಇಲ್ಲಿ ಎಡೆಯಿಲ್ಲ.

ಅಳತೆಬಾವಿ ಮತ್ತು ಲೆಕ್ಕಾಚಾರ

ನಕ್ಷೆಯ ಜೀವ ಅಳತೆಬಾವಿಗಳಲ್ಲಿದೆ. ಕೇಂದ್ರೀಯ ಮಂಡಳಿ ವರ್ಷಕ್ಕೆ ನಾಲ್ಕು ಸಲ, ಜನವರಿ, ಮೇ, ಆಗಸ್ಟ್ ಮತ್ತು ನವೆಂಬರ್ ತಿಂಗಳುಗಳಲ್ಲಿ, ಬಾವಿಗಳ ನೀರಿನ ಮಟ್ಟ ಅಳೆಯುತ್ತದೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯಕ್ಕೆ ತನ್ನದೇ ಬಾವಿಗಳಿವೆ. ಕೆಲವು ಬಾವಿಗಳಲ್ಲಿ ಈಗ ತಾನೇ ತಾನಾಗಿ ಮಟ್ಟ ದಾಖಲಿಸಿ ಕಳಿಸುವ ಉಪಕರಣಗಳಿವೆ. ಮೇ ಮತ್ತು ನವೆಂಬರಿನ ಅಂತರವೇ ಆ ವರ್ಷದ ಮಳೆ ನೆಲಕ್ಕೆ ಕೊಟ್ಟದ್ದೆಷ್ಟು ಎಂಬುದರ ಒರಟು ಲೆಕ್ಕ.

ಸೇರುವ ನೀರಿಗೆ ತೆಗೆಯುವ ನೀರನ್ನು ಹೋಲಿಸಿ ತಾಲ್ಲೂಕುಗಳಿಗೆ ದರ್ಜೆ ಕೊಡುತ್ತಾರೆ. ಶೇ 70ರವರೆಗೆ ಸುರಕ್ಷಿತ, 90ರವರೆಗೆ ಅರೆ ಸಂಕಷ್ಟ, 100ರವರೆಗೆ ಸಂಕಷ್ಟ, ಅದರಾಚೆ ಅತಿಬಳಕೆ. ಯಲಹಂಕವೂ ಸೇರಿದಂತೆ ಬೆಂಗಳೂರು ನಗರ ಜಿಲ್ಲೆಯ ಎಲ್ಲ ತಾಲ್ಲೂಕುಗಳೂ ಅತಿಬಳಕೆಯ ಪಟ್ಟಿಯಲ್ಲಿವೆ. 2024ರ ಮಾರ್ಚ್‌ನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನಗರದ 13,900 ಸಾರ್ವಜನಿಕ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಹೇಳಿದ್ದರು.

ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಶೇಖರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಬೆಂಗಳೂರಿನ ನಕ್ಷೆಯಲ್ಲಿದ್ದ ಒಂದು ವಿಚಿತ್ರವನ್ನು ಮುಂದಿಟ್ಟಿತು. ಸಿಮೆಂಟಿನಿಂದ ಮುಚ್ಚಿಹೋದ ನಗರದ ನಡುಭಾಗದಲ್ಲಿ ನೀರಿನ ಮಟ್ಟ ಮೇಲಿದೆ, ಇನ್ನೂ ಮಣ್ಣು ಕಾಣುವ ಹೊರವಲಯದಲ್ಲಿ ಕೆಳಗಿದೆ. ನಡುಭಾಗಕ್ಕೆ ಕಾವೇರಿ ಬರುತ್ತದೆ, ಅಲ್ಲಿ ಬೋರಿಗೆ ಬೇಡಿಕೆ ಕಡಿಮೆ. ಹಳೆಯ ಪೈಪುಗಳಿಂದಲೂ ಒಳಚರಂಡಿಯಿಂದಲೂ ಸೋರುವ ನೀರು ನೆಲಕ್ಕೆ ಇಳಿಯುತ್ತದೆ. ಹೊರವಲಯ ಬೋರನ್ನೇ ನಂಬಿದೆ. ನೂರು ಕಿ.ಮೀ. ದೂರದ ನದಿಯೊಂದು ಪೈಪಿನ ಸೋರಿಕೆಯ ಮೂಲಕ ಬೆಂಗಳೂರಿನ ಅಂತರ್ಜಲ ನಕ್ಷೆಯನ್ನು ತಿದ್ದಿದೆ. ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೆಯ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಗಿದ್ದು ಹೊರವಲಯದ 110 ಹಳ್ಳಿಗಳಿಗಾಗಿ. ಆ ಭಾಗಗಳ ನಕ್ಷೆಯೂ ಇನ್ನು ಹೀಗೇ ಬದಲಾಗಬಹುದು.

ಜಕ್ಕೂರು ಕೆರೆಯ ಸುತ್ತ

ಕೊಡಿಗೇಹಳ್ಳಿಗೆ ಹತ್ತಿರದಲ್ಲೇ, ಬಳ್ಳಾರಿ ರಸ್ತೆಯ ಆಚೆಗೆ, ಸುಮಾರು 160 ಎಕರೆಯ ಜಕ್ಕೂರು ಕೆರೆಯಿದೆ. ಜಲಮಂಡಳಿಯ ಕೊಳಚೆನೀರು ಶುದ್ಧೀಕರಣ ಘಟಕದಿಂದ ಬಿಡುವ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು ಕೆರೆ ಸೇರುತ್ತದೆ, ಕೆರೆಯ ತಳದಿಂದ ಬಸಿದು ಸುತ್ತಲಿನ ಬಾವಿಗಳಿಗೆ ಇಳಿಯುತ್ತದೆ. ಕೆರೆ ತುಂಬಿ ನಿಂತ ಮೇಲೆ ಆಸುಪಾಸಿನ ತೆರೆದ ಬಾವಿಗಳಲ್ಲಿ ನೀರು ಏರಿತು. ನಗರವೊಂದರ ಕೊಳಚೆಯಿಂದ ಆರಂಭಿಸಿ ಬಾವಿಯವರೆಗಿನ ಸರಣಿಯನ್ನು ಒಂದೇ ಕಡೆ ನೋಡಲು ಸಿಗುವ ಅಪರೂಪದ ಜಾಗ ಇದು. ಹಾಗಾಗಿ ಸಂಶೋಧಕರು ಇಲ್ಲಿಗೆ ಮತ್ತೆ ಮತ್ತೆ ಬರುತ್ತಾರೆ.

ವಿದ್ಯಾರಣ್ಯಪುರದ ಬಯೋಮ್ ಸಂಸ್ಥೆಯ ಎಸ್. ವಿಶ್ವನಾಥ್ ಮೊದಲ ಅಂತಸ್ತಿನ ನೀರಿನ ಪರ ದಶಕಗಳಿಂದ ವಾದಿಸುತ್ತ ಬಂದವರು. ಈ ಸಂಸ್ಥೆ ಪುಣೆಯ ಅಕ್ವಾಡಮ್ ಜೊತೆ ಸೇರಿ ಬೆಂಗಳೂರಿನ ಆಗ್ನೇಯ ಭಾಗದಲ್ಲಿ ನಿವಾಸಿಗಳೇ ಬಾವಿಯ ಮಾಹಿತಿ ಕೊಟ್ಟು ಕಟ್ಟುವ ಜಲಧರ ನಕ್ಷೆಯನ್ನು ರೂಪಿಸಿತು. ಹತ್ತು ಲಕ್ಷ ಬಾವಿ ಎಂಬ ಅದರ ಅಭಿಯಾನದಲ್ಲಿ ಗುಂಡಿ ತೋಡಿದವರು ಮಣ್ಣು ವಡ್ಡರು, ಅಂದರೆ ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಸಮುದಾಯದವರು. ಇಪ್ಪತ್ತು ಅಡಿ ಆಳ, ಮೂರು ಅಡಿ ಅಗಲ, ರಿಂಗು ಇಳಿಸಿದ ಇಂಗುಬಾವಿ ಅವರ ಕೈಕೆಲಸ. ಯಾವ ಬೀದಿಯಲ್ಲಿ ಎಷ್ಟು ಅಡಿಗೆ ಗೊರಚು, ಎಲ್ಲಿ ಸುದ್ದೆ, ಎಲ್ಲಿ ಒರತೆ ಎಂಬುದು ಅವರ ಕೈಗಳಿಗೆ ಗೊತ್ತು. ಮೊದಲ ಜಲಧರದ ಮಟ್ಟಿಗೆ ಅವರ ನೆನಪನ್ನು ಮೀರಿಸುವ ನಕ್ಷೆ ಸದ್ಯಕ್ಕೆ ಯಾವ ಕಚೇರಿಯಲ್ಲೂ ಇಲ್ಲ ಎಂದರೆ ಅತಿಶಯೋಕ್ತಿಯಲ್ಲ.

ನೀರಿನ ಗುಣ

ಮೇಲುಪದರದ ದೊಡ್ಡ ತೊಂದರೆ ನೈಟ್ರೇಟ್. ಒಳಚರಂಡಿ ಸೋರುವಲ್ಲಿ, ಇಂಗುಗುಂಡಿ ಪಾಯಿಖಾನೆಗಳಿದ್ದಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಎಂಬ ಮಿತಿ ದಾಟುತ್ತದೆ. ಆಳದ ನೀರಿನಲ್ಲಿ ಫ್ಲೋರೈಡ್ ಮತ್ತು ಯುರೇನಿಯಂ ಕಾಣುವುದು ಕಲ್ಲಿನ ಖನಿಜಗಳ ಜೊತೆ ನೀರು ದೀರ್ಘಕಾಲ ಕೂಡಿರುವುದರಿಂದ. ಪೀಣ್ಯ ಕೈಗಾರಿಕಾ ವಲಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಪ್ರತ್ಯೇಕ ಕಥೆ, ಅದಕ್ಕೆ ಕಲ್ಲು ಹೊಣೆಯಲ್ಲ.

ಕಳೆದುಹೋಗುವ ಮಾಹಿತಿ

ಬೋರ್ ಕೊರೆಯುವುದೆಂದರೆ ನೆಲದೊಳಕ್ಕೆ ಆರೂವರೆ ಇಂಚಿನ ಕಿಟಕಿ ತೆರೆದಂತೆ. ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತೆಂಬುದೇ ಶಿಥಿಲ ಪದರದ ದಪ್ಪ. ಗ್ಯಾಪ್ ಎಲ್ಲಿ ಸಿಕ್ಕಿತೆಂಬುದೇ ಬಿರುಕಿನ ಆಳ. ಕಪ್ಪು ಕಲ್ಲು ಬಂದ ಅಡಿಯೇ ಡೈಕಿನ ಗುರುತು. ಅಡಿಯ ಲೆಕ್ಕದಲ್ಲಿ ಹಣ ಪಡೆಯುವುದರಿಂದ ಲಾರಿಯವರು ಇವನ್ನೆಲ್ಲ ಕರಾರುವಾಕ್ಕಾಗಿ ಬರೆದುಕೊಳ್ಳುತ್ತಾರೆ. ಲಾರಿಗಳಲ್ಲಿ ಹೆಚ್ಚಿನವು ತಮಿಳುನಾಡಿನ ತಿರುಚೆಂಗೋಡಿನವು. ಬಿಲ್ಲು ಪಾವತಿಯಾದ ಮೇಲೆ ಪುಸ್ತಕ ಲಾರಿಯ ಜೊತೆ ಹೊರಟುಹೋಗುತ್ತದೆ, ಮನೆಯವರ ನೆನಪಿನಲ್ಲಿ ಆಳ ಮತ್ತು ಖರ್ಚು ಎರಡೇ ಉಳಿಯುತ್ತವೆ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಬಾವಿಗಳ ಮತ್ತು ರಿಗ್ಗುಗಳ ನೋಂದಣಿಯನ್ನು ಕೇಳುತ್ತದೆ. ಅನುಮತಿ ಪತ್ರವೆಂಬ ಕಾಗದ ಕಡತಕ್ಕೆ ಸೇರುತ್ತದೆ, ಕೊರೆದಾಗ ಕಂಡದ್ದು ಸೇರುವುದು ಅಪರೂಪ.

ಬ್ರಿಟನ್ನಿನಲ್ಲಿ ನೀರಿಗಾಗಿ 15 ಮೀಟರಿಗಿಂತ ಆಳ ತೋಡುವವರು ಪದರಗಳ ವಿವರವನ್ನು ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಕೊಡಬೇಕೆಂದು ಕಾನೂನಿದೆ. ಅಮೆರಿಕದ ಮಿನೆಸೊಟ ರಾಜ್ಯ 1982ರಿಂದ ಒಂದೊಂದು ಕೌಂಟಿಗೂ, ಅಂದರೆ ನಮ್ಮ ಜಿಲ್ಲೆಯಂಥ ಘಟಕಕ್ಕೂ, ಭೂಗರ್ಭ ಅಟ್ಲಾಸ್ ಪ್ರಕಟಿಸುತ್ತ ಬಂದಿದೆ. ಅದರ ಬೆನ್ನೆಲುಬು ಬಾವಿ ಕೊರೆಯುವವರು ಸಲ್ಲಿಸಿದ ಚೀಟಿಗಳೇ. ಅಲ್ಲಿನ ಕಲ್ಲು ಬಹುಮಟ್ಟಿಗೆ ಪದರದ್ದು, ಇಲ್ಲಿಯಷ್ಟು ಹಟಮಾರಿಯಲ್ಲ ಎನ್ನುವುದೂ ನಿಜ. ಆದರೆ ಕಲ್ಲು ಹಟಮಾರಿಯಾದಷ್ಟೂ ಚೀಟಿಗಳ ಬೆಲೆ ಹೆಚ್ಚಬೇಕಿತ್ತು.

ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ನೆಲವನ್ನು ಅತಿ ಹೆಚ್ಚು ತೂತು ಮಾಡಿ ನೋಡುತ್ತಿರುವುದು ನೀರಿನವರಲ್ಲ, ಸಾರಿಗೆಯವರು. ತುಂಗಾ, ಭದ್ರಾ ಎಂಬ ಸುರಂಗ ಯಂತ್ರಗಳು ನಾಗವಾರದ ಕಡೆಗೆ ಕೊರೆದು ಸಾಗಿದ ಮೆಟ್ರೊ ಮಾರ್ಗದಲ್ಲಿ ಒಂದೇ ಸುರಂಗದ ಮುಖದಲ್ಲಿ ಮೇಲೆ ಮೆತ್ತನೆಯ ಮಣ್ಣು, ಕೆಳಗೆ ಗಟ್ಟಿಬಂಡೆ ಎದುರಾಗುವುದು ಮಾಮೂಲಾಗಿತ್ತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಯ ಪ್ರಸ್ತಾವದ ಸುತ್ತ ಅಂತರ್ಜಲದ ಚರ್ಚೆ ಎದ್ದಿದೆ. ವಿಮಾನ ನಿಲ್ದಾಣದ ಮೆಟ್ರೊ ಮಾರ್ಗದಲ್ಲಿ ಕೊಡಿಗೇಹಳ್ಳಿಗೂ ಒಂದು ನಿಲ್ದಾಣವಿದೆ. ಎತ್ತರದ ಮಾರ್ಗಕ್ಕೆ ಕಂಬ ನಿಲ್ಲಿಸುವ ಮುನ್ನ ಮಣ್ಣುಪರೀಕ್ಷೆಗೆ ರಂಧ್ರ ಕೊರೆದು, ಸಿಕ್ಕ ಮಣ್ಣನ್ನೂ ಕಲ್ಲಿನ ಕಡ್ಡಿಗಳನ್ನೂ ಅಡಿಯ ಲೆಕ್ಕದಲ್ಲಿ ಪೆಟ್ಟಿಗೆಯಲ್ಲಿ ಜೋಡಿಸಿ, ನೀರು ಕಂಡ ಆಳವನ್ನು ಬರೆದಿಡುವುದು ವಾಡಿಕೆ. ಬಳ್ಳಾರಿ ರಸ್ತೆಯ ಉದ್ದಕ್ಕೂ ಸಾಲಾಗಿ ಸಿಗುವ ಇಂಥ ರಂಧ್ರಗಳ ವಿವರ, ಹೆಬ್ಬಾಳ ಕಣಿವೆಯ ಮೊದಲ ಅಂತಸ್ತಿಗೆ ಒಂದು ನೇರ ಅಡ್ಡಕೊಯ್ತ. ಸದ್ಯಕ್ಕೆ ಅದು ಅಡಿಪಾಯದ ವಿನ್ಯಾಸದ ಕಡತಗಳಿಗೆ ಸೇರಿದ್ದು, 57 ಜಿ/12 ಹಾಳೆಗಲ್ಲ.